ಬಜೆ ಬೇರು: ಬೀಜದ ಕಣಜಕ್ಕೆ ಹಿತ, ಕೂಸಿನ ಬಾಯಿಗೆ ಬೇಡ



ಈ ಹೊತ್ತು ಬಜೆಯ ವಿಚಾರವಾಗಿ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. ಬಜೆ ಅಂದರೆ ಯಾರಿಗೆ ಗೊತ್ತಿಲ್ಲ? ಬಾಣಂತಿ ಇರುವ ಮನೆಯಲ್ಲಿ ತೇಯುವ ಕಲ್ಲಿನ ಪಕ್ಕದಲ್ಲಿ ಒಂದು ತುಂಡು ಬಜೆ ಇದ್ದೇ ಇರುತ್ತದೆ. ಕೂಸಿನ ಕೈಗೆ ಬಜೆಯ ಮಣಿ ಕಟ್ಟುತ್ತಾರೆ, ನಾಲಗೆಗೆ ಬಜೆ ತೇದು ನೆಕ್ಕಿಸುತ್ತಾರೆ, ಹೊಟ್ಟೆ ಉಬ್ಬರಿಸಿದರೆ ಸುಟ್ಟ ಬಜೆಯ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚುತ್ತಾರೆ. ಇಷ್ಟು ಬಳಕೆಯ ವಸ್ತುವಿನ ಬಗ್ಗೆ ಹೊಸದಾಗಿ ಹೇಳುವುದೇನಿದೆ ಅಂತ ನೀವು ಕೇಳಬಹುದು. ಹೇಳುವುದಿದೆ. ಬಜೆಯಲ್ಲಿ ನಮಗೆ ಉಪಕಾರ ಮಾಡುವ ಗುಣವೂ ಉಂಟು, ಕೂಸಿಗೆ ಅಪಾಯ ತರುವ ಗುಣವೂ ಉಂಟು. ಎರಡೂ ಒಂದೇ ಬೇರಿನೊಳಗೆ, ಒಂದೇ ಎಣ್ಣೆಯೊಳಗೆ ಇವೆ. ಯಾವುದನ್ನು ಎಲ್ಲಿ ಬಳಸಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ತಿಳಿದುಕೊಂಡರೆ ಸಾಕು.

ಮೊದಲು ಗಿಡದ ಪರಿಚಯ ಮಾಡಿಕೊಳ್ಳೋಣ. ಬಜೆ ನೀರಿನ ಆಸರೆಯ ಗಿಡ. ಹಳ್ಳದ ಬದಿ, ಕೆರೆಯ ಅಂಗಳ, ಸದಾ ತೇವವಿರುವ ಗದ್ದೆ ಅದಕ್ಕೆ ಹಿತ. ಎಲೆ ಕತ್ತಿಯ ಅಲುಗಿನಂತೆ ಉದ್ದ, ಚೂಪು. ದೂರದಿಂದ ನೋಡಿದರೆ ಜೊಂಡಿನ ಹಾಗೆ ಕಾಣುತ್ತದೆ. ಎಲೆಯನ್ನು ಹಿಸುಕಿ ಮೂಸಿದರೆ ಮಾತ್ರ ಗುರುತು ಸಿಕ್ಕಿಬಿಡುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ವಚಾ ಎಂದು ಹೆಸರು, ಉಗ್ರಗಂಧಾ ಎಂತಲೂ ಕರೆಯುತ್ತಾರೆ. ನೆಲದೊಳಗೆ ಅಡ್ಡಡ್ಡ ಹರಿಯುವ, ಗೆಣ್ಣು ಗೆಣ್ಣಾದ ಗೆಡ್ಡೆಯೇ ನಾವು ಬಜೆ ಬೇರು ಎಂದು ಕರೆಯುವುದು. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಇದನ್ನು ಗದ್ದೆಯ ಬೆಳೆಯಾಗಿಯೇ ಬೆಳೆದವರಿದ್ದಾರೆ. ಭತ್ತದ ಗದ್ದೆಯ ಹಾಗೆ ಕೆಸರು ಮಾಡಿ, ಮೊಳಕೆಯಿರುವ ಗೆಡ್ಡೆಯ ತುಂಡುಗಳನ್ನು ಒಂದೊಂದು ಅಡಿ ಅಂತರಕ್ಕೆ ಊರುತ್ತಾರೆ. ವರ್ಷ ತುಂಬುವ ಹೊತ್ತಿಗೆ ಎಲೆ ಹಳದಿಯಾಗಿ ಒಣಗತೊಡಗುತ್ತದೆ. ಆಗ ಗದ್ದೆಯ ನೀರು ಬಸಿದು, ಗೆಡ್ಡೆ ಕಿತ್ತು, ತೊಳೆದು, ಬೆರಳುದ್ದ ಕತ್ತರಿಸಿ ನೆರಳಿನಲ್ಲಿ ಒಣಗಿಸುತ್ತಾರೆ. ಒಣಗಿದ ತುಂಡನ್ನು ಗೋಣಿಚೀಲದಲ್ಲಿ ಹಾಕಿ ಉಜ್ಜಿದರೆ ಸಿಪ್ಪೆ, ನಾರುಬೇರು ಉದುರಿಹೋಗುತ್ತವೆ.

ಇನ್ನು ಉಪಕಾರದ ಮಾತು. ಅದನ್ನು ಕಣಜದಿಂದಲೇ ಪ್ರಾರಂಭಿಸೋಣ.

ಬಿತ್ತನೆಗೆಂದು ತೆಗೆದಿಟ್ಟ ಹೆಸರು, ಅಲಸಂದೆ, ತೊಗರಿ, ಕಡಲೆ ಇವುಗಳಿಗೆ ಕಾಳು ಕೊರೆಯುವ ಹುಳು ಬೀಳುತ್ತದೆ. ಅಕ್ಕಿಗೆ, ಜೋಳಕ್ಕೆ ಮೂತಿ ಹುಳು ಬೀಳುತ್ತದೆ. ಮುಂಗಾರು ಬಂತೆಂದು ಚೀಲ ಬಿಚ್ಚಿದರೆ ಒಂದೊಂದು ಕಾಳಿನಲ್ಲೂ ತೂತು, ಕೆಳಗೆ ರಾಶಿ ಹಿಟ್ಟು. ಬಜೆಯನ್ನು ಬಟ್ಟೆಬರೆ, ಪುಸ್ತಕ, ಕಾಳುಕಡ್ಡಿಗಳ ನಡುವೆ ಇಟ್ಟು ಹುಳು ದೂರವಿಡುವ ರೂಢಿ ಬಹಳ ಹಿಂದಿನದು. ೧೯೭೭ರಲ್ಲಿ ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದ ವಿಜ್ಞಾನಿಗಳು ಈ ರೂಢಿಯ ಹಿಂದಿನ ಗುಟ್ಟನ್ನು ಬಿಡಿಸಿದರು. ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ಒಂದು ವಸ್ತುವಿದೆ. ಆ ವಸ್ತು ಕೀಟಗಳನ್ನು ಬಂಜೆ ಮಾಡುತ್ತದೆ. ಹುಳುವಿನ ಮೈಗೆ ಅದು ಸೇರಿತೆಂದರೆ ಅಂಡಾಶಯ ಸರಿಯಾಗಿ ಬೆಳೆಯುವುದಿಲ್ಲ, ಮೊಟ್ಟೆ ಬರುವುದಿಲ್ಲ. ಹಾಗೆಂದ ಮೇಲೆ ಹುಳುವಿನ ಸಂತಾನ ಅಲ್ಲಿಗೇ ನಿಲ್ಲುತ್ತದೆ.

ಬಳಸುವ ಕ್ರಮ ಹೀಗೆ. ಮೊದಲು ಬಿತ್ತನೆ ಕಾಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಹಲ್ಲಿನಲ್ಲಿ ಕಚ್ಚಿದರೆ ಕಟಕ್ ಎಂದು ಮುರಿಯಬೇಕು. ಕಾಳು ಆರಿ ತಣ್ಣಗಾದ ಮೇಲೆ ಒಂದು ಕಿಲೋ ಬೀಜಕ್ಕೆ ೧೦ ಗ್ರಾಂ ಬಜೆಯ ನಯವಾದ ಪುಡಿ ಬೆರೆಸಬೇಕು. ಒಂದು ಕ್ವಿಂಟಲ್ ಬೀಜಕ್ಕೆ ಒಂದು ಕಿಲೋ ಪುಡಿ ಎಂದು ಲೆಕ್ಕ ಇಟ್ಟುಕೊಳ್ಳಿ. ಎಲ್ಲ ಕಾಳಿಗೂ ಪುಡಿ ಅಂಟುವಂತೆ ಕೈಯಾಡಿಸಿ, ತೇವ ತಗಲದ ಚೀಲದಲ್ಲೋ ಡಬ್ಬದಲ್ಲೋ ತುಂಬಿ ಬಾಯಿ ಭದ್ರವಾಗಿ ಕಟ್ಟಿಡಿ. ಪುಡಿ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅಡಿಗೆಯ ಒರಳಿನಲ್ಲಿ, ಅಡಿಗೆಯ ಮಿಕ್ಸಿಯಲ್ಲಿ ಕುಟ್ಟಬೇಡಿ.

ಒಂದು ಮಾತು ಮರೆಯಬಾರದು. ಈ ಕ್ರಮ ಬಿತ್ತನೆ ಬೀಜಕ್ಕೆ ಮಾತ್ರ. ಉಣ್ಣುವ ಕಾಳಿಗೆ, ಅಕ್ಕಿಗೆ, ದನಕರುಗಳಿಗೆ ಹಾಕುವ ಧಾನ್ಯಕ್ಕೆ ಬಜೆಯ ಪುಡಿ ಬೆರೆಸತಕ್ಕದ್ದಲ್ಲ. ಅವಕ್ಕೆ ಬಿಸಿಲು ಸಾಕು, ಒಣಗಿದ ಬೇವಿನ ಸೊಪ್ಪು ಸಾಕು, ಬಾಯಿ ಬಿಗಿಯಾದ ಡಬ್ಬ ಸಾಕು. ಬಜೆ ಬೆರೆಸಿದ ಬೀಜ ಬಿತ್ತಿ ಉಳಿಯಿತೆಂದು ಸಾರಿಗೆ ಹಾಕುವುದೂ ಬೇಡ. ಚೀಲದ ಮೇಲೆ ಇದ್ದಲಿನಿಂದಾದರೂ ಸರಿ, ಬಿತ್ತನೆಗೆ ಎಂದು ಬರೆದಿಡಿ.

ಈಗ ನೀವೇ ಸ್ವಲ್ಪ ಆಲೋಚಿಸಿ. ಕಾಳನ್ನೇ ಕೊರೆದು ತಿನ್ನುವ ಗಟ್ಟಿ ಹುಳುವಿನ ಸಂತಾನವನ್ನು ನಿಲ್ಲಿಸುವಷ್ಟು ಶಕ್ತಿ ಈ ಬೇರಿಗೆ ಉಂಟು. ಅದನ್ನೇ ನಾವು ಕಣ್ಣು ಬಿಟ್ಟು ಹತ್ತು ದಿನವಾಗಿರುವ ಕೂಸಿನ ನಾಲಗೆಗೆ ತೇದು ಹಾಕುತ್ತೇವೆ. ಹುಳು ಬೇರೆ, ಮನುಷ್ಯ ಬೇರೆ, ನಿಜ. ಹುಳುವಿಗೆ ಆದದ್ದು ಮಗುವಿಗೂ ಆಗುತ್ತದೆ ಎಂದು ಹೇಳಲು ಬರುವುದಿಲ್ಲ. ಆದರೆ ಶಕ್ತಿಯುಳ್ಳ ಪದಾರ್ಥವನ್ನು ಅಳತೆಯಿಲ್ಲದೆ ಕೂಸಿಗೆ ಕೊಡುವ ಮುಂಚೆ ಒಮ್ಮೆ ನಿಂತು ವಿಚಾರಿಸಬೇಕಲ್ಲವೇ?

ವಿಚಾರಿಸಿದವರಿದ್ದಾರೆ. ಭಾರತದ ಬಜೆಯ ಎಣ್ಣೆಯನ್ನು ಆಹಾರದಲ್ಲಿ ಬೆರೆಸಿ ಬಹುದಿನ ತಿನ್ನಿಸಿದಾಗ ಇಲಿಗಳ ಕರುಳಿನಲ್ಲಿ ಕೆಟ್ಟ ಗಡ್ಡೆಗಳು ಬೆಳೆದದ್ದು ೧೯೬೦ರ ದಶಕದಲ್ಲಿ ಕಂಡುಬಂತು. ಅದನ್ನು ಅನುಸರಿಸಿ ೧೯೬೮ರಲ್ಲಿ ಅಮೆರಿಕ ದೇಶವು ಬಜೆಯನ್ನೂ ಅದರ ಎಣ್ಣೆಯನ್ನೂ ಆಹಾರ ಪದಾರ್ಥಗಳಿಗೆ ಸೇರಿಸಬಾರದೆಂದು ನಿಷೇಧಿಸಿತು. ಇಲಿಗಳಿಗೆ ಕೊಟ್ಟ ಪ್ರಮಾಣ ದೊಡ್ಡದು. ಒಂದು ಸಲ ನಾಲಗೆಗೆ ಸೋಂಕಿದ ಮಾತ್ರಕ್ಕೆ ಯಾರಿಗೂ ಗಡ್ಡೆ ಬರುತ್ತದೆಂದು ಹೆದರಬೇಕಾಗಿಲ್ಲ. ಆದರೆ ದಿನವೂ ಕೊಡುತ್ತಾ ಹೋಗಲು ಯೋಗ್ಯವಾದ ವಸ್ತು ಇದಲ್ಲ ಎಂಬುದಂತೂ ಸ್ಪಷ್ಟವಾಯಿತು.

ಇನ್ನೊಂದು ಸಂಗತಿ ಕೇಳಿ. ಬಜೆಯೆಲ್ಲ ಒಂದೇ ಸಮ ಅಲ್ಲ. ಉತ್ತರ ಅಮೆರಿಕದಲ್ಲಿ ಬೆಳೆಯುವ ಒಂದು ಬಗೆಯ ಬಜೆಯಲ್ಲಿ ಬೀಟಾ ಅಸರೋನ್ ಇಲ್ಲವೇ ಇಲ್ಲ. ಯೂರೋಪಿನದರಲ್ಲಿ ಸ್ವಲ್ಪ ಇದೆ. ನಮ್ಮ ದೇಶದ ಬಜೆಯಲ್ಲಿ ಬಹಳ ಹೆಚ್ಚು. ಎಣ್ಣೆಯಲ್ಲಿ ನೂರಕ್ಕೆ ೭೦ ಭಾಗಕ್ಕೂ ಮೀರಿ ಅದೇ ಇರುವುದುಂಟು. ಆದ್ದರಿಂದ ಬೇರೆ ದೇಶದವರು ಬಳಸಿ ಏನೂ ಆಗಲಿಲ್ಲ ಎಂಬ ಮಾತು ನಮ್ಮ ಹಳ್ಳದ ಬದಿಯ ಬಜೆಗೆ ಹೊಂದುವುದಿಲ್ಲ.

ನಮ್ಮ ಆಯುರ್ವೇದ ಏನು ಹೇಳುತ್ತದೆ ಎಂದು ಕೇಳುವಿರಿ. ಕೇಳಬೇಕಾದ ಪ್ರಶ್ನೆಯೇ. ಆಯುರ್ವೇದ ಬಜೆಯನ್ನು ಎಂದೂ ಹಗುರವಾಗಿ ಕಂಡಿಲ್ಲ. ಭಾರತದ ಆಯುರ್ವೇದ ಔಷಧಕೋಶದಲ್ಲಿ ಬಜೆಯ ಪುಡಿಯ ಪ್ರಮಾಣ ೬೦ರಿಂದ ೧೨೦ ಮಿಲಿಗ್ರಾಂ ಎಂದಿದೆ. ಹಳೆಯ ತೂಕದಲ್ಲಿ ಹೇಳುವುದಾದರೆ ಅರ್ಧ ಗುಲಗಂಜಿಯಿಂದ ಒಂದು ಗುಲಗಂಜಿಯಷ್ಟು. ಅದೇ ಪುಸ್ತಕದಲ್ಲಿ ವಾಂತಿ ಮಾಡಿಸಬೇಕಾದರೆ ಒಂದರಿಂದ ಎರಡು ಗ್ರಾಂ ಎಂದಿದೆ. ನೋಡಿ, ಗುಲಗಂಜಿಯಷ್ಟಿದ್ದರೆ ಔಷಧ, ಒಂದು ಸಣ್ಣ ಚಿಟಿಕೆ ಹೆಚ್ಚಾಗುತ್ತ ಹೋದರೆ ವಾಂತಿಯ ಮದ್ದು. ಅಷ್ಟೇ ಅಲ್ಲ, ಬಜೆಯನ್ನು ಶುದ್ಧಿ ಮಾಡದೆ ಬಳಸಬಾರದೆಂದು ಶಾಸ್ತ್ರವಿದೆ. ಗೋಮೂತ್ರದಲ್ಲಿ, ಆಮೇಲೆ ಗೊತ್ತಾದ ಸೊಪ್ಪುಗಳ ಕಷಾಯದಲ್ಲಿ ಬೇಯಿಸಿ ಒಣಗಿಸುವ ಕ್ರಮ ಅದು. ತೇಯುವ ಕಲ್ಲಿನ ಪಕ್ಕದಲ್ಲಿರುವ ನಮ್ಮ ಬಜೆಗೆ ಈ ಶುದ್ಧಿಯೂ ಇಲ್ಲ, ಆ ತೂಕವೂ ಇಲ್ಲ.

ನಮ್ಮ ಮನೆಗಳಲ್ಲಿ ಅಳತೆ ಹೇಗೆ ಮಾಡುತ್ತಾರೆ? ಸುತ್ತಿನ ಲೆಕ್ಕದಲ್ಲಿ. ಕಲ್ಲಿನ ಮೇಲೆ ಬಜೆ ಒಂದು ಸುತ್ತು, ಅಳಲೆಕಾಯಿ ಎರಡು ಸುತ್ತು, ಜಾಯಿಕಾಯಿ ಒಂದು ಸುತ್ತು. ಅಜ್ಜಿಯ ಕೈ ಹಗುರ, ಒಂದು ಸುತ್ತಿಗೆ ಬಣ್ಣ ಬಿಟ್ಟಷ್ಟು ಮಾತ್ರ ತೇಯುತ್ತದೆ. ಅಜ್ಜಿ ಊರಿಗೆ ಹೋದ ದಿನ ಮತ್ತೊಬ್ಬರು ಕೂತು ಒತ್ತಿ ತೇದರೆ ಅದೇ ಒಂದು ಸುತ್ತಿನಲ್ಲಿ ಎಷ್ಟೋ ಪಾಲು ಹೆಚ್ಚು ಬಂದಿರುತ್ತದೆ. ಹೊಸ ಬೇರಾದರೆ ಎಣ್ಣೆ ಹೆಚ್ಚು, ಹಳೆಯದಾದರೆ ಕಡಿಮೆ. ಕಲ್ಲಿನ ಒರಟುತನವೂ ಒಂದೊಂದು ಬಗೆ. ಹೀಗಿರುವಾಗ ಸುತ್ತು ಎಂಬುದು ಅಳತೆಯೇ ಅಲ್ಲ. ದೊಡ್ಡವರಾದರೆ ಒಂದಷ್ಟು ತಡೆದುಕೊಳ್ಳುತ್ತಾರೆ. ಮೂರು ಕಿಲೋ ತೂಗುವ ಕೂಸು ಏನನ್ನು ತಡೆದೀತು? ದೊಡ್ಡವರೇ ಬಜೆ ತಿಂದು ಗಂಟೆಗಟ್ಟಲೆ ಬಿಡದೆ ವಾಂತಿ ಮಾಡಿಕೊಂಡ ಪ್ರಸಂಗಗಳು ವೈದ್ಯರ ಪತ್ರಿಕೆಗಳಲ್ಲಿ ಬಂದಿವೆ. ಕೂಸಿಗೆ ಹಾಗೆ ವಾಂತಿಯಾದರೆ ಮೈಯ ನೀರೆಲ್ಲ ಬತ್ತಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಬಜೆಯ ಜೊತೆಗೆ ಬರುವ ಬೇರೆ ಅಪಾಯಗಳೂ ಇವೆ. ತೇಯುವ ಕಲ್ಲನ್ನು ಎಷ್ಟು ತೊಳೆದರೂ ಅದರ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ, ಅದರಿಂದ ಭೇದಿ ಹತ್ತುತ್ತದೆ. ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸುವವರು ಬಹಳ. ಜೇನಿನಲ್ಲಿ ಒಮ್ಮೊಮ್ಮೆ ಒಂದು ಬಗೆಯ ಸೂಕ್ಷ್ಮ ಜೀವಿಯ ಬೀಜಕಣಗಳಿರುತ್ತವೆ. ನಮ್ಮ ನಿಮ್ಮ ಹೊಟ್ಟೆಯಲ್ಲಿ ಅವು ಏನೂ ಮಾಡಲಾರವು. ವರ್ಷ ತುಂಬದ ಕೂಸಿನ ಕರುಳಿನಲ್ಲಿ ಮಾತ್ರ ಮೊಳೆತು ವಿಷ ಹುಟ್ಟಿಸಬಲ್ಲವು. ಆಗ ಕೂಸಿನ ಕತ್ತು ಜೋಲುತ್ತದೆ, ಅಳು ಕ್ಷೀಣಿಸುತ್ತದೆ, ಹಾಲು ಚೀಪಲು ಆಗುವುದಿಲ್ಲ. ಆದುದರಿಂದ ವರ್ಷ ತುಂಬುವ ತನಕ ಜೇನು ಬೇಡವೇ ಬೇಡ. ಇನ್ನು ಕೈಗೆ ಕಟ್ಟುವ ಬಜೆಯ ಮಣಿ. ಮೂರು ನಾಲ್ಕು ತಿಂಗಳಾದರೆ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಹಗಲೆಲ್ಲ ಅದನ್ನೇ ಚೀಪುತ್ತದೆ. ದಾರ ಕಿತ್ತರೆ ಮಣಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದೃಷ್ಟಿಗೆ ಕಟ್ಟಲೇಬೇಕೆಂದು ಹಿರಿಯರು ಹಠ ಹಿಡಿದರೆ ತೊಟ್ಟಿಲಿನ ಮೇಲೆ ಕೂಸಿನ ಕೈಗೆ ಎಟುಕದ ಕಡೆ ಕಟ್ಟಿ. ಅವರ ಮನಸ್ಸಿಗೂ ಸಮಾಧಾನ, ಕೂಸಿಗೂ ಕ್ಷೇಮ.

ಇಷ್ಟು ಹೇಳಿದ ಮೇಲೆ ಮನೆಯ ಹಿರಿಯರು ಸುಮ್ಮನಿರುವರೇ? "ನಾವೆಲ್ಲ ಬಜೆ ನೆಕ್ಕಿಯೇ ಬೆಳೆದವರು, ನಮಗೇನಾಯಿತು?" ಅಂತ ಅತ್ತೆಯವರು ಕೇಳುತ್ತಾರೆ. ಅತ್ತೆಯವರ ಮಾತು ಸುಳ್ಳಲ್ಲ. ಹಗುರ ಕೈಯಲ್ಲಿ ತೇದದ್ದನ್ನು ನೆಕ್ಕಿದ ಬಹಳ ಮಂದಿಗೆ ಏನೂ ಆಗಿಲ್ಲ. ಆದರೆ ಆ ಕಾಲದಲ್ಲಿ ಹುಟ್ಟಿದ ಕೂಸುಗಳೆಲ್ಲ ಬದುಕಿದವೇ? ಒಂದೊಂದು ಮನೆಯಲ್ಲೂ ಎಷ್ಟು ತೊಟ್ಟಿಲು ಬರಿದಾದವು ಎಂಬುದು ಅತ್ತೆಯವರಿಗೇ ಚೆನ್ನಾಗಿ ಗೊತ್ತು. ವಾಂತಿಯಾಗಿ ಹೋದದ್ದು ಯಾವುದರಿಂದ, ಮಂಪರು ಹತ್ತಿ ಹೋದದ್ದು ಯಾವುದರಿಂದ ಅಂತ ಆಗ ನೋಡಿದವರು ಯಾರು? ಬದುಕಿ ಉಳಿದವರು ಮಾತ್ರ ಈ ಹೊತ್ತು ನಮಗೇನಾಯಿತು ಎಂದು ಕೇಳಬಲ್ಲರು.

"ದೀಪದಲ್ಲಿ ಸುಟ್ಟೇ ತೇಯುತ್ತೇವೆ, ಸುಟ್ಟರೆ ದೋಷ ಹೋಗುತ್ತದೆ" ಎಂಬುದು ಇನ್ನೊಂದು ಮಾತು. ಹರಳೆಣ್ಣೆ ದೀಪದಲ್ಲಿ ಹಿಡಿದರೆ ಬೇರಿನ ಹೊರಮೈ ಕಪ್ಪಾಗುತ್ತದೆ. ಒಳಗಿನ ಎಣ್ಣೆ ಒಂದಷ್ಟು ಆರಿದರೂ ಉಳಿದದ್ದು ಅಲ್ಲೇ ಇರುತ್ತದೆ. ತೇದಾಗ ಮೂಗಿಗೆ ಘಮ್ಮೆಂದರೆ ಎಣ್ಣೆ ಉಳಿದಿದೆ ಎಂದೇ ಅರ್ಥ.

"ಹಾಗಾದರೆ ಕೂಸು ಹೊಟ್ಟೆನೋವಿನಿಂದ ಅಳುವಾಗ ಏನು ಮಾಡೋಣ?" ಅಂತ ತಾಯಂದಿರು ಕೇಳುತ್ತೀರಿ. ಹಾಲು ಕುಡಿಸಿದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರುವ ತನಕ ಬೆನ್ನು ನೇವರಿಸಿ. ಬೆಚ್ಚಗಿನ ಕೈಯಿಂದ ಹೊಟ್ಟೆಯ ಮೇಲೆ ಮೆಲ್ಲಗೆ ಸುತ್ತು ತಿರುವಿ ನೀವಿ. ಮಲಗಿಸಿ ಎರಡು ಕಾಲನ್ನೂ ಮಡಿಸಿ ಹೊಟ್ಟೆಗೆ ಹಗುರವಾಗಿ ಒತ್ತಿ ಬಿಡಿ. ಹೆಚ್ಚಿನ ವಾಯು ಇಷ್ಟಕ್ಕೇ ಸರಿದುಹೋಗುತ್ತದೆ. ಆರು ತಿಂಗಳು ತುಂಬುವ ತನಕ ಕೂಸಿಗೆ ಬೇಕಾದ್ದು ತಾಯಿಯ ಹಾಲು ಒಂದೇ. ನೀರು ಕೂಡ ಬೇಡ. ವೈದ್ಯರು ಹೇಳಿದ ಔಷಧ ಮಾತ್ರ ಇದಕ್ಕೆ ಹೊರತು. ಹೊಕ್ಕುಳ ಬಳ್ಳಿ ಒಣಗಿ ಬೀಳುವ ತನಕ ಅದಕ್ಕೆ ಬಜೆಯ ಮಸಿ, ಎಣ್ಣೆ, ಅರಿಸಿನ, ಬೂದಿ ಯಾವುದನ್ನೂ ಸೋಕಿಸಬೇಡಿ. ಹೆರಿಗೆಯಾದ ಮೇಲೆ ಆಶಾ ಕಾರ್ಯಕರ್ತೆ ೪೨ ದಿನದೊಳಗೆ ಹಲವು ಸಾರಿ ಮನೆಗೆ ಬರುತ್ತಾಳೆ. ಕೂಸಿಗೆ ಏನೇನು ಕೊಡುತ್ತಿದ್ದೀರಿ ಎಂಬುದನ್ನು ಅವಳ ಮುಂದೆ ಮುಚ್ಚಿಡದೆ ಹೇಳಿ.

ಮಾತು ಸ್ಪಷ್ಟವಾಗಿ ಬರಲಿ ಅಂತ ಬಜೆ ನೆಕ್ಕಿಸುವವರಿಗೆ ಒಂದು ವಿಶೇಷ ಮಾತು ಹೇಳಬೇಕು. ಮಾತು ನಾಲಗೆಯಿಂದ ಹುಟ್ಟುವುದಲ್ಲ, ಕಿವಿಯಿಂದ ಹುಟ್ಟುವುದು. ಕೇಳಿದರೆ ತಾನೇ ಮಗು ಆಡಲು ಕಲಿಯುವುದು? ಕಿವಿ ಕೇಳದ ಮಗುವಿಗೆ ಎರಡು ವರ್ಷ, ಮೂರು ವರ್ಷ ಬಜೆ ತೇದು ತೇದು ಕಾದರೆ ಬಜೆಯೂ ಸವೆಯಿತು, ಕಾಲವೂ ಕಳೆಯಿತು. ಮಾತು ಕಲಿಯುವ ವಯಸ್ಸು ಅದೇ ಎರಡು ಮೂರು ವರ್ಷ. ಆ ವಯಸ್ಸು ಮತ್ತೆ ಬರುವುದಿಲ್ಲ. ಆದುದರಿಂದ ಗಮನಿಸಿ ನೋಡಿ. ಆರು ತಿಂಗಳಾದರೂ ತಾಯಿಯ ದನಿ ಬಂದ ಕಡೆಗೆ ಕೂಸು ತಿರುಗುವುದಿಲ್ಲವೇ? ಒಂದೂವರೆ ವರ್ಷವಾದರೂ ಒಂದು ಅರ್ಥವುಳ್ಳ ಮಾತೂ ಇಲ್ಲವೇ? ಎರಡು ವರ್ಷ ತುಂಬಿದರೂ ಅವ್ವ ಬಾ, ಹಾಲು ಕೊಡು ಎಂದು ಎರಡು ಪದ ಕೂಡಿಸುವುದಿಲ್ಲವೇ? ಹಾಗಿದ್ದರೆ ಕಲ್ಲು ಬಜೆ ಬದಿಗಿಟ್ಟು ಕಿವಿ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕಾಗಿ. ಈಗ ಹುಟ್ಟಿದ ಕೆಲವೇ ದಿನದ ಕೂಸಿನ ಕಿವಿಯನ್ನೂ ಪರೀಕ್ಷಿಸಬಹುದು. ಬೇಗ ತಿಳಿದರೆ ಕಿವಿಯ ಯಂತ್ರ ಕೊಟ್ಟು, ಮಾತು ಕಲಿಸುವ ಅಭ್ಯಾಸ ಮಾಡಿಸಿ ಮಗುವನ್ನು ಶಾಲೆಗೆ ಸಿದ್ಧಪಡಿಸಬಹುದು.

ಅಕಸ್ಮಾತ್ ಮಗು ಬಜೆ ನುಂಗಿತೆನ್ನಿ, ಅಥವಾ ತೇದದ್ದು ಹೆಚ್ಚಾಯಿತೆನ್ನಿ. ಆಗ ಏನು ಮಾಡಬೇಕು? ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಮೈ ಸೆಳೆತ, ಉಸಿರಾಟದ ಏರುಪೇರು, ಹಾಲು ಬಿಟ್ಟುಬಿಡುವುದು, ತುಟಿ ನೀಲಿಗಟ್ಟುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡಬೇಡಿ. ೧೦೮ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕುವುದು, ಹುಣಿಸೆಹಣ್ಣಿನ ನೀರು ಹುಯ್ಯುವುದು ಬೇಡ. ಮಗುವನ್ನು ಒಂದು ಮಗ್ಗುಲಾಗಿ ಮಲಗಿಸಿ. ಉಳಿದ ಬಜೆಯ ತುಂಡನ್ನು ಜೊತೆಯಲ್ಲಿ ಒಯ್ಯಿರಿ. ಏನು ಕೊಟ್ಟಿರಿ, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂಬುದನ್ನು ವೈದ್ಯರಿಗೆ ನಿಜವಾಗಿ ಹೇಳಿ. ಬೈದಾರೆಂದು ಮುಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ದೊಡ್ಡವರ ವಿಷಯಕ್ಕೂ ಎರಡು ಮಾತು. ಬಸುರಿ ಹೆಂಗಸರು, ಹಾಲೂಡಿಸುವ ತಾಯಂದಿರು ಬಜೆಯನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು. ಮೂರ್ಛೆರೋಗಕ್ಕೆ, ನಿದ್ರೆಗೆ, ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬಜೆ ಮುಟ್ಟಬಾರದು. ಬಜೆಗೂ ಮಂಪರು ತರುವ ಗುಣವಿರುವುದರಿಂದ ಎರಡೂ ಸೇರಿ ಅತಿಯಾದೀತು. ಮಿಕ್ಕವರಿಗೂ ಇದು ಪ್ರತಿದಿನದ ಟಾನಿಕ್ಕಲ್ಲ. ಬೇಕೆಂದರೆ ಓದಿ ಪಾಸಾದ ಆಯುರ್ವೇದ ವೈದ್ಯರ ಕೈಯಿಂದ, ಶುದ್ಧಿ ಮಾಡಿದ್ದನ್ನು, ಅವರು ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳಿ.

ಕಡೆಯದಾಗಿ, ಹೇಳಿದ್ದನ್ನೆಲ್ಲ ಒಟ್ಟುಮಾಡಿ ನೆನಪಿಟ್ಟುಕೊಳ್ಳೋಣ. ಹಳ್ಳದ ಬದಿಯ ಬಜೆಯನ್ನು ಕಿತ್ತೆಸೆಯಬೇಕಾಗಿಲ್ಲ. ಬಿತ್ತನೆ ಬೀಜಕ್ಕೆ ಕಿಲೋಗೆ ೧೦ ಗ್ರಾಂ ಬೆರೆಸಿ, ಬಟ್ಟೆಯ ಪೆಟ್ಟಿಗೆಯಲ್ಲಿ ಒಂದು ತುಂಡು ಇಡಿ. ಉಣ್ಣುವ ಧಾನ್ಯಕ್ಕೆ ಬೆರೆಸಬೇಡಿ. ಪುಡಿಯ ಡಬ್ಬವನ್ನು ಮಕ್ಕಳಿಗೆ ಎಟುಕದ ಅಟ್ಟದ ಮೇಲಿಡಿ. ಕೂಸಿನ ಬಾಯಿಗೆ ಬಜೆ ಬೇಡ, ಕೈಗೆ ಬಜೆಯ ಮಣಿ ಬೇಡ, ವರ್ಷದೊಳಗೆ ಜೇನು ಬೇಡ. ಆರು ತಿಂಗಳು ತಾಯಿಯ ಹಾಲು ಒಂದೇ ಸಾಕು. ಮಾತು ತಡವಾದರೆ ಕಿವಿ ಪರೀಕ್ಷೆ ಮಾಡಿಸಿ.

ಈ ಮಾತನ್ನು ನೀವು ಕೇಳಿ ಬಿಟ್ಟುಬಿಡಬೇಡಿ. ಕೂಸನ್ನು ಎರೆಯುವವರು, ಬಾಣಂತನ ಮಾಡುವವರು, ತೇಯುವ ಕಲ್ಲಿನ ಮುಂದೆ ಕೂರುವವರು ಮನೆಯ ಹಿರಿಯ ಹೆಂಗಸರು. ಅವರ ಹತ್ತಿರ ಕೂತು, ಅವರ ಮನಸ್ಸು ನೋಯದ ಹಾಗೆ ತಿಳಿಸಿ ಹೇಳಿ. ಕೂಸಿನ ಮೇಲೆ ಅವರಿಗಿರುವಷ್ಟು ಅಕ್ಕರೆ ಮತ್ತಾರಿಗೂ ಇಲ್ಲ. ವಿಚಾರ ಮನಸ್ಸಿಗೆ ಹತ್ತಿತೆಂದರೆ ಬಜೆಯ ತುಂಡನ್ನು ತೇಯುವ ಕಲ್ಲಿನ ಪಕ್ಕದಿಂದ ತೆಗೆದು ಬೀಜದ ಚೀಲದ ಪಕ್ಕಕ್ಕೆ ಇಡುವವರು ಅವರೇ.